ಹೆಸರು ಹೇಳುವ ತನಕ ಹಾಡದ ಅಂಕಲ್

ನಾನು ಮಾಡಿದ ದಡ್ಡ ಕೆಲಸಗಳನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಅಮೆರಿಕದ ನಮ್ಮೂರು ಕ್ಯಾರಿಯಿಂದ ಅಟ್ಲಾಂಟಾ ತನಕ ಟ್ರಾಫಿಕ್ ಜಾಮ್ ಆಗುತ್ತದೆ. ಡಿಶ್‌ವಾಷರ್‌ಗೆ ಕೈಯಲ್ಲಿ ಪಾತ್ರೆ ತೊಳೆಯುವ ಸೋಪು ಸುರಿದು ಅಡುಗೆಮನೆಯಲ್ಲಿ ಮೊಣಕಾಲುದ್ದ ನೊರೆ ಎಬ್ಬಿಸಿದವನು ನಾನು. ಮ್ಯಾನೇಜರ್‌ಗೆ ಕಳಿಸಬೇಕಾದ ಮೆಸೇಜನ್ನು ಅಮ್ಮನಿಗೂ, ಅಮ್ಮನಿಗೆ ಕಳಿಸಬೇಕಾದ ಹಪ್ಪಳದ ಲಿಸ್ಟನ್ನು ಮ್ಯಾನೇಜರ್‌ಗೂ ಕಳಿಸಿದವನು ನಾನು. ಅವನ್ನೆಲ್ಲ ಒರೆಸಬಹುದು, ನಕ್ಕು ಮರೆಯಬಹುದು. ಒಂದನ್ನು ಮಾತ್ರ ಆಗಲಿಲ್ಲ. ನಮ್ಮ ಕನ್ನಡ ಸಂಘದ ಆಗಸ್ಟ್ ಕಾರ್ಯಕ್ರಮದ ಆನ್‌ಲೈನ್ ಫಾರ್ಮಿನಲ್ಲಿ 'ರಚನೆ' ಎನ್ನುವ ಜಾಗದಲ್ಲಿ 'ಸ್ವರಚಿತ' ಎಂದು ಒತ್ತಿಬಿಟ್ಟೆ. ಬೆರಳಿನ ಒಂದೇ ಒಂದು ಒತ್ತು. ಅದರಿಂದ ಎಪ್ಪತ್ತೇಳು ವರ್ಷದ ಮನುಷ್ಯನೊಬ್ಬ ಹಾಲ್ ತುಂಬ ಜನರ ಮುಂದೆ ನಾಲ್ಕು ನಿಮಿಷ ಬಾಯಿ ಬಿಡದೆ ನಿಂತ.

ಆ ಮನುಷ್ಯನನ್ನು ನಾವೆಲ್ಲ ಬರೀ ಅಂಕಲ್ ಅನ್ನುತ್ತಿದ್ದೆವು. ಅಂಕಲ್‌ಗಳೇ ತುಂಬಿರುವ ಊರಿನಲ್ಲಿ ಬರೀ ಅಂಕಲ್ ಅಂದರೆ ಅವರೇ. ಹೆಸರು ಬರೆಯುವುದಿಲ್ಲ. ಅದು ಅವರದೇ ಕರಾರು, ಮುಂದೆ ಹೇಳುತ್ತೇನೆ.

ಬಳ್ಳಾರಿ ಕಡೆಯ ನೇಕಾರರ ಊರಿನವರು. ಟೆಕ್ಸ್‌ಟೈಲ್ ಎಂಜಿನಿಯರಿಂಗ್ ಓದಲು ಬಂದು, ಕ್ಯಾರೊಲೈನಾದಲ್ಲಿ ಬಟ್ಟೆ ಮಿಲ್ಲುಗಳಿದ್ದ ಕಾಲಕ್ಕೆ ಮಿಲ್ಲಿಗೆ ಸೇರಿ, ಮಿಲ್ಲು ಮುಚ್ಚಿದ ಮೇಲೆ ಕಾಲೇಜಿನಲ್ಲಿ ಗಣಿತ ಹೇಳಿಕೊಟ್ಟು ರಿಟೈರ್ ಆದವರು. ಅವರಿಗೊಂದು ಅಭ್ಯಾಸ. ಯಾರೇ ಎದುರಾಗಲಿ, ನಮಸ್ಕಾರಕ್ಕಿಂತ ಮೊದಲು ಅವರ ಅಂಗಿಯ ತುದಿಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಉಜ್ಜಿ ನೋಡುವುದು. ಮಾರಿಸ್‌ವಿಲ್‌ನ ದೇವಸ್ಥಾನದ ಊಟದ ಕ್ಯೂನಲ್ಲಿ ನನ್ನ ಹೊಸ ಕುರ್ತಾಕ್ಕೂ ಅದೇ ಪರೀಕ್ಷೆ ಆಯಿತು. ದೇವರ ಪ್ರಸಾದ ಹಿಡಿದವನ ಎದುರಿಗೇ ತೀರ್ಪು ಬಂತು.

“ಪಾಲಿಯೆಸ್ಟರ್!”

“ಅಂಕಲ್, ಆನ್‌ಲೈನಲ್ಲಿ ಖಾದಿ ಅಂತ ಹಾಕಿದ್ರು.”

“ಆನ್‌ಲೈನಲ್ಲಿ ನೀನು ಮದ್ವಿ ಗಂಡು ಅಂತ ಹಾಕ್ಕೊಂಡಿಯಂತ, ನಂಬಾಕ ಆಗ್ತೈತೇನು?”

ಕ್ಯೂನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಯಾಕೆಂದರೆ ಮ್ಯಾಟ್ರಿಮನಿ ಸೈಟಿನಲ್ಲಿ ನನ್ನ ಫೋಟೋ ನೋಡಿದ ಇಬ್ಬರು ಹುಡುಗಿಯರೂ ಅದೇ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದ್ದರು.

ಅಂಕಲ್‌ಗೆ ಸಿಟ್ಟು ಬರದ ದಿನವೇ ಇರಲಿಲ್ಲ. ಆದರೆ ಆ ಸಿಟ್ಟಿಗೊಂದು ಶಿಸ್ತು ಇತ್ತು. ಊಟ ತಣ್ಣಗಿದ್ದರೆ, ಕಾರಿಗೆ ಯಾರಾದರೂ ಗೀಚಿದರೆ, ಫ್ಲೈಟ್ ಲೇಟಾದರೆ ಬರುತ್ತಿರಲಿಲ್ಲ. ಯಾರದೋ ವಸ್ತುವಿನ ಮೇಲೆ ಇನ್ಯಾರೋ ಯಜಮಾನಿಕೆ ಮಾಡಿದರೆ ಬರುತ್ತಿತ್ತು. “ಸಿಟ್ಟು ಬರಬೇಕಾದಲ್ಲಿ ಬರ್ಲಿಲ್ಲಂದ್ರ ಡಾಕ್ಟರ್ ಹತ್ರ ಹೋಗು. ಬಿ.ಪಿ. ಲೋ ಆಗಿರ್ತೈತಿ” ಎನ್ನುವುದು ಅವರ ಗಾದೆ.

ಅವರ ಬಟ್ಟೆ ಒಣಗಿಸುವ ಯುದ್ಧ ಇಡೀ ಬಡಾವಣೆಗೆ ಗೊತ್ತು. ಇಲ್ಲಿನ ಬಡಾವಣೆಗಳಲ್ಲಿ ಮನೆ ಮಾಲೀಕರ ಸಂಘ ಒಂದಿರುತ್ತದೆ, ಎಚ್‌ಒಎ ಅನ್ನುತ್ತಾರೆ. ಬಾಗಿಲಿನ ಬಣ್ಣದಿಂದ ಹಿಡಿದು ಹುಲ್ಲಿನ ಎತ್ತರದ ತನಕ ಎಲ್ಲಕ್ಕೂ ಅದರ ಅಪ್ಪಣೆ ಬೇಕು. ಹೊರಗೆ ಹಗ್ಗ ಕಟ್ಟಿ ಬಟ್ಟೆ ಒಣಹಾಕುವ ಹಾಗಿಲ್ಲ. ಅಂಕಲ್ ಹಿತ್ತಲಿನ ಮರದ ಜಗುಲಿಯಲ್ಲಿ, ಡೆಕ್ ಅನ್ನುತ್ತಾರಲ್ಲ, ಅಲ್ಲಿ ಹಗ್ಗ ಕಟ್ಟಿ ಪಂಚೆ, ಆಂಟಿಯ ಇಳಕಲ್ ಸೀರೆ ಎಲ್ಲ ಹರವುತ್ತಿದ್ದರು. ತಿಂಗಳಿಗೊಂದು ನೋಟಿಸ್ ಬರುತ್ತಿತ್ತು. ತಿಂಗಳಿಗೊಂದು ಉತ್ತರ ಹೋಗುತ್ತಿತ್ತು. ಒಂದು ಉತ್ತರ ನಾನೇ ಟೈಪ್ ಮಾಡಿಕೊಟ್ಟೆ: ಬಟ್ಟೆ ನನ್ನದು, ಹಗ್ಗ ನನ್ನದು, ಬಿಸಿಲು ಸೂರ್ಯನದು, ನಡುವೆ ನೀವು ಯಾರು?

ಟೈಪ್ ಮಾಡಿ ನಾನು, “ಅಂಕಲ್, ಡೈಲಾಗ್ ಸಖತ್ತಾಗಿದೆ” ಎಂದೆ.

“ನಂದಲ್ಲಲೇ ಅದು. ಓಬಳೇಶಪ್ಪಂದು.”

ಓಬಳೇಶಪ್ಪನ ಹೆಸರು ನಾನು ಕೇಳಿದ್ದು ಆಗ. ಅಂಕಲ್ ಹಗ್ಗದ ಮೇಲೆ ಪಂಚೆ ಕೊಡವುತ್ತ, ಅದರ ಪಟ್ ಪಟ್ ಸದ್ದನ್ನೇ ತಾಳ ಮಾಡಿಕೊಂಡು ಹಾಡಿದರು: 'ಮಾ ನೂಲು, ಮಾ ಮಗ್ಗಂ, ನಡುಮ ಮೀರೆವರು?' ತೆಲುಗು. ನಮ್ಮ ನೂಲು, ನಮ್ಮ ಮಗ್ಗ, ನಡುವೆ ನೀವು ಯಾರು? ಅಂಕಲ್ ಹುಟ್ಟುವ ಮೊದಲು, ಬಳ್ಳಾರಿ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲದಲ್ಲಿ, ಅವರ ತಾಯಿಯ ಬೀದಿಯಲ್ಲಿ ಓಬಳೇಶಪ್ಪ ಎಂಬ ನೇಕಾರನಿದ್ದನಂತೆ. ಅಕ್ಷರ ಬರುತ್ತಿರಲಿಲ್ಲ. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು, ಲಾಳಿಯ ಲಯಕ್ಕೆ ಪದ ಕಟ್ಟುತ್ತಿದ್ದ. ಬ್ರಿಟಿಷರನ್ನು ಬೈಯುವ ಪದ. ಹನ್ನೊಂದು ನುಡಿ. ಸಂತೆಯಲ್ಲಿ ಹಾಡಿದ್ದಕ್ಕೆ ಹಿಡಿದುಕೊಂಡು ಹೋದರು. ಜೈಲಿನಿಂದ ಬಂದವನು ಮತ್ತೆ ಸಂತೆಗೆ ಹೋಗಿ, ಎಲ್ಲಿಗೆ ನಿಲ್ಲಿಸಿದ್ದನೋ ಅಲ್ಲಿಂದಲೇ ಹಾಡಿದನಂತೆ. ಮತ್ತೆ ಹಿಡಿದರು. ಎರಡನೇ ಸಲ ಬಂದದ್ದು ಅವನ ಕಂಬಳಿ ಮಾತ್ರ.

ಯಾವ ಪುಸ್ತಕದಲ್ಲೂ ಅವನಿಲ್ಲ. ಬೀದಿಯ ಹೆಂಗಸರು ಬೀಸುವಾಗ ಹಾಡಿಕೊಂಡು ಉಳಿಸಿದರು. ಅಂಕಲ್‌ಗೆ ಬಂದದ್ದು ತಾಯಿಯಿಂದ.

“ನಿಮ್ಮ ಮನೆಮಾತು ತೆಲುಗಾ ಅಂಕಲ್?”

“ಮನಿಯೊಳಗ ಕನ್ನಡ, ಬೀದಿಯೊಳಗ ತೆಲುಗು, ಜಗಳದೊಳಗ ಎರಡೂ. ನಿನಗ ತೆಲುಗು ಬರ್ತೈತೇನು?”

“ಫುಲ್ ಬರುತ್ತೆ ಅಂಕಲ್.” ಬೆಂಗಳೂರಿನ ಪಿ.ಜಿ.ಯಲ್ಲಿ ಮೂರು ವರ್ಷ ತೆಲುಗು ಹುಡುಗರ ಜೊತೆ ಇದ್ದವನು ನಾನು. ಕೈ ಎತ್ತಿ, ತೊಡೆ ತಟ್ಟಿ, ಅಲ್ಲಿ ಕಲಿತ ಒಂದು ಬೆದರಿಕೆಯ ಮಾತನ್ನು ಒದರಿದೆ. ಆಂಟಿ ಒಳಗಿನಿಂದ ಓಡಿ ಬಂದರು. ಅಂಕಲ್ ಪಂಚೆಯಿಂದ ಮುಖ ಮುಚ್ಚಿಕೊಂಡು ನಕ್ಕರು. ನಾನು ಅವರ ವಂಶವನ್ನು ನಿರ್ನಾಮ ಮಾಡುತ್ತೇನೆ ಎಂದಿದ್ದೆನಂತೆ.

ಹೀಗೆ ಭಾನುವಾರದ ಪಾಠ ಶುರುವಾಯಿತು. ಆಂಟಿ ಮಿರ್ಚಿ ಬಜ್ಜಿ ಕರಿಯುತ್ತಿದ್ದರು. ಬಜ್ಜಿಗಾಗಿ ಹೋದೆ, ಹಾಡು ತಲೆಗೆ ಹತ್ತಿತು. ಒಂದು ಉಚ್ಚಾರ ತಪ್ಪಿದರೂ ಅಂಕಲ್ ಬಜ್ಜಿಯ ತಟ್ಟೆಯನ್ನು ತಮ್ಮ ಕಡೆಗೆ ಎಳೆದುಕೊಳ್ಳುತ್ತಿದ್ದರು. ಹತ್ತು ನುಡಿ ಕಲಿಸಿದರು. ಹನ್ನೊಂದನೆಯದು ಕೇಳಿದರೆ, “ಹತ್ತು ನೆಟ್ಟಗಾಗ್ಲಿ, ಆಮ್ಯಾಲೆ ನೋಡಾಣು” ಎನ್ನುತ್ತಿದ್ದರು.

ಕೋವಿಡ್ ಕಳೆದು ಮೊದಲ ಸಲ ಸಂಘದವರು ಆಗಸ್ಟ್ ಹದಿನೈದಕ್ಕೆ ಸ್ಟೇಜ್ ಕಾರ್ಯಕ್ರಮ ಇಟ್ಟರು. ನಾನು ಸಾಂಸ್ಕೃತಿಕ ಸಮಿತಿಯಲ್ಲಿದ್ದೆ. ಯೋಗ್ಯತೆಯಿಂದಲ್ಲ, ವಾಟ್ಸಾಪ್ ಗ್ರೂಪ್ ಬಿಡುವುದನ್ನು ಮರೆತಿದ್ದರಿಂದ. ಅಂಕಲ್ ಆ ವಾರವೇ ಕೇಳಿದರು. ಅವರು ಯಾವತ್ತೂ ಯಾರನ್ನೂ ಏನೂ ಕೇಳಿದವರಲ್ಲ.

“ಓಬಳೇಶಪ್ಪನ ಪದ ಒಂದ್ಸಲ ಸ್ಟೇಜಿನ ಮ್ಯಾಲೆ ಹಾಡ್ಬೇಕೋ. ನನ್ನ ಹೆಸರು ಎಲ್ಲೂ ಬ್ಯಾಡ. ಹಾಡಾಕಿಂತ ಮೊದ್ಲು ಮೈಕಿನೊಳಗ ಆತನ ಹೆಸರು ಹೇಳ್ಬೇಕು. ಅಷ್ಟ. ಜೈಲಿನ ರಿಜಿಸ್ಟರ್ ಬಿಟ್ರ ಆ ಹೆಸರು ಎಲ್ಲೂ ಯಾರೂ ಗಟ್ಟ್ಯಾಗಿ ಓದಿಲ್ಲ.”

ಸಮಿತಿಯಲ್ಲಿ ಎತ್ತಿದೆ. ಅಧ್ಯಕ್ಷರು ಬೆಂಗಳೂರಿನವರು, ಒಳ್ಳೆಯವರು, ಕಾರ್ಯಕ್ರಮ ಟೈಮಿಗೆ ಮುಗಿಯಬೇಕು ಎನ್ನುವುದೊಂದೇ ಅವರ ಧರ್ಮ. “ಕನ್ನಡ ಸಂಘದಲ್ಲಿ ತೆಲುಗು ಹಾಡು ಯಾಕಪ್ಪಾ? ನಾಳೆ ಎಲ್ಲರೂ ಕೇಳ್ತಾರೆ” ಎಂದರು.

“ಸರ್, ಅದೇ ಪ್ರೋಗ್ರಾಮಲ್ಲಿ ನಾಲ್ಕು ಹಿಂದಿ ಡಾನ್ಸ್ ಇದೆಯಲ್ಲ?”

“ಅದು ದೇಶಭಕ್ತಿ ಕಣೋ.”

ಇದನ್ನು ಬರೆಯುವಾಗಲೂ ನನ್ನ ಬಿ.ಪಿ. ಏರುತ್ತದೆ. ಸೊಂಟ ಕುಣಿಸುವ ಹಿಂದಿ ದೇಶಭಕ್ತಿ. ಜೈಲಿನಲ್ಲಿ ಸತ್ತವನ ತೆಲುಗು ದೇಶಭಕ್ತಿಯಲ್ಲ, ಪಕ್ಕದ ಸಂಘದ ವ್ಯವಹಾರ! ಸರಿ, ಪಕ್ಕದ ಸಂಘಕ್ಕೂ ಹೋದೆವು. ತೆಲುಗಿನವರು ಅಂಕಲ್‌ಗೆ ಕಾಫಿ ಕೊಟ್ಟು, ಒಂದು ನುಡಿ ಕೇಳಿ, “ಅಂಕಲ್, ನೀವು ಕನ್ನಡದವರಲ್ಲವಾ? ಈ ತೆಲುಗಿನಲ್ಲಿ ಬಳ್ಳಾರಿ ಮಿಕ್ಸ್ ಆಗಿದೆ” ಎಂದು ಇಂಗ್ಲಿಷಿನಲ್ಲಿ ಹೇಳಿ ಕಳಿಸಿದರು. ವಾಪಸ್ ಬರುವಾಗ ಕಾರಿನಲ್ಲಿ ಅಂಕಲ್ ಒಂದೇ ಮಾತು ಆಡಿದ್ದು: “ಬ್ರಿಟಿಷರಿಗೆ ಆತನ ತೆಲುಗು ಚಲೋ ತಿಳೀತು ನೋಡು. ಕೇಳಿದ ಕೂಡ್ಲೇ ಹಿಡ್ಕೊಂಡು ಹೋದ್ರು.”

ಇಲ್ಲಿ ನನ್ನ ಬುದ್ಧಿವಂತಿಕೆ ಕೆಲಸ ಶುರು ಮಾಡಿತು. ನನ್ನ ಬುದ್ಧಿವಂತಿಕೆ ಕೆಲಸ ಮಾಡಿದಾಗೆಲ್ಲ ಊರಿಗೆ ಅನಾಹುತ. ಸಂಘದ ನಿಯಮದಲ್ಲಿ ಒಂದು ಸಂದು ಇತ್ತು. ಇಲ್ಲಿ ಹುಟ್ಟಿದ ಮಕ್ಕಳು ಇಂಗ್ಲಿಷಿನಲ್ಲಿ ಕವಿತೆ ಬರೆದು ಓದುತ್ತಾರಲ್ಲ, ಅವರಿಗಾಗಿ 'ಸದಸ್ಯರ ಸ್ವರಚಿತ ರಚನೆ ಯಾವ ಭಾಷೆಯಲ್ಲಾದರೂ ಇರಬಹುದು' ಎಂದು ಸೇರಿಸಿದ್ದರು. ಅಂಕಲ್ ಸದಸ್ಯರು. ಹಾಡು ತೆಲುಗು. ಸ್ವರಚಿತ ಅಂದುಬಿಟ್ಟರೆ ಯಾರಪ್ಪನ ಗಂಟು ಹೋಗುತ್ತದೆ? ಹೇಗಿದ್ದರೂ ನಿರೂಪಣೆ ನನ್ನದೇ. ಮೈಕಿನಲ್ಲಿ ನಿಜ ಹೇಳಿದರಾಯಿತು. ಒತ್ತಿದೆ. ಹಸಿರು ಟಿಕ್ ಬಂತು. ಅಂಕಲ್‌ಗೆ ಫೋನ್ ಮಾಡಿ, “ಪಾಸ್ ಆಯ್ತು ಅಂಕಲ್!” ಎಂದೆ. ಹೇಗೆ ಪಾಸ್ ಆಯಿತು ಎಂದು ಹೇಳಲಿಲ್ಲ. ಅವರು ಫೋನ್ ಹಿಡಿದೇ ಒಳಗೆ ಆಂಟಿಯನ್ನು ಕೂಗಿದರು. ಆಮೇಲೆ, “ಆಂಟಿ ಎರಡು ತಟ್ಟಿ ಬಜ್ಜಿ ಮಾಡ್ತಾಳ, ಬಾ” ಎಂದರು.

ಕಾರ್ಯಕ್ರಮದ ದಿನ ಅಂಕಲ್ ಡೆಕ್ಕಿನ ಬಿಸಿಲಿನಲ್ಲೇ ಒಣಗಿಸಿ ಇಸ್ತ್ರಿ ಮಾಡಿದ ಖಾದಿ ಜುಬ್ಬಾ ಹಾಕಿಕೊಂಡು ಬಂದಿದ್ದರು. ಸ್ಟೇಜಿನ ಪಕ್ಕ ನಿಂತು ಕುಣಿಯುವ ಮಕ್ಕಳ ಬಟ್ಟೆ ಮುಟ್ಟಿ ಮುಟ್ಟಿ “ಪಾಲಿಯೆಸ್ಟರ್, ಪಾಲಿಯೆಸ್ಟರ್” ಎಂದು ಎಣಿಸುತ್ತಿದ್ದರು. ಒಂದು ಪುಟ್ಟ ಹುಡುಗಿ, “ಅಂಕಲ್, ಸ್ಟಾಪ್ ಟಚಿಂಗ್ ಮೈ ವಿಂಗ್ಸ್” ಎಂದಳು. ಅವಳು ಭಾರತಮಾತೆಯೋ ಚಿಟ್ಟೆಯೋ ನನಗೂ ತಿಳಿಯಲಿಲ್ಲ.

ಅವರ ಸರದಿಗೆ ಎರಡು ನಿಮಿಷ ಇರುವಾಗ ಅಧ್ಯಕ್ಷರು ಶಾಲು, ಹಾರ, ಫಲಕ ಹಿಡಿದು ನನ್ನ ಪಕ್ಕಕ್ಕೆ ಬಂದರು. “ಸರ್‌ಪ್ರೈಸ್! ಇಷ್ಟು ವರ್ಷ ನಮ್ಮ ಮಧ್ಯೆ ಒಬ್ಬ ಕವಿ ಇದ್ದಾರೆ ಅಂತಾನೇ ಗೊತ್ತಿರಲಿಲ್ಲ ನೋಡು. ಫಾರ್ಮ್ ನೋಡಿ ಸಮಿತಿಯವರೆಲ್ಲ ಸೇರಿ ಮಾಡಿಸಿದ್ವಿ.” ಫಲಕದ ಮೇಲೆ ಅಂಕಲ್ ಹೆಸರು. ಅದರ ಹಿಂದೆ 'ಕವಿ'. ಚಿನ್ನದ ಬಣ್ಣ.

ಆಗ ಹೇಳಬಹುದಿತ್ತು. ಸರ್, ಫಾರ್ಮಿನಲ್ಲಿ ಸುಳ್ಳು ಬರೆದೆ ಎಂಬ ನಾಲ್ಕೇ ಪದ. ಅಧ್ಯಕ್ಷರ ಮುಖ ನೋಡಿದೆ, ಫಲಕ ನೋಡಿದೆ, ಟೈಮರ್ ನೋಡಿದೆ. ಒಬ್ಬ ನೇಕಾರ ಸಂತೆಯಲ್ಲಿ ಪೊಲೀಸರೆದುರು ಎರಡು ಸಲ ಹಾಡಿದ್ದ. ನನಗೆ ಸಮಿತಿಯ ಎದುರು ಒಂದು ಸಲ ಬಾಯಿ ಬಿಡಲು ಆಗಲಿಲ್ಲ. ಮೈಕಿನಲ್ಲಿ ಹಲ್ಲು ಕಿರಿದು ಹೇಳಿದೆ: “ಈಗ ಒಂದು ಸ್ವರಚಿತ ದೇಶಭಕ್ತಿ ಗೀತೆ!”

ಅಂಕಲ್ ಮೈಕಿನ ಮುಂದೆ ಬಂದು ನನ್ನ ಕಡೆ ನೋಡಿದರು. ಇನ್ನೂ ಹೆಸರು ಬರುತ್ತದೆ ಎಂದು ಕಾದರು. ಬರಲಿಲ್ಲ. ಜನ ಅವರ ಹಿಂದಿನ ಸ್ಕ್ರೀನ್ ನೋಡುತ್ತಿದ್ದರು, ಅವರೂ ತಿರುಗಿ ನೋಡಿದರು. ಫಾರ್ಮಿನಿಂದ ತಾನಾಗೇ ಮೂಡಿದ ಸಾಲು: ರಚನೆ ಮತ್ತು ಗಾಯನ, ಕೆಳಗೆ ಅವರದೇ ಹೆಸರು, ಹಲಗೆಯಷ್ಟು ದೊಡ್ಡದಾಗಿ.

ಮತ್ತೆ ನನ್ನ ಕಡೆ ತಿರುಗಿದರು. “ಬರೆದಾತನ ಹೆಸರು ಹೇಳು” ಎಂದರು. ಮೈಕಿನಿಂದ ದೂರ, ನನಗೆ ಮಾತ್ರ ಕೇಳುವ ಹಾಗೆ. ನಾನು ನೆಲ ನೋಡಿದೆ.

ಅವರು ಕೈ ಕಟ್ಟಿ ನಿಂತರು. ಹಾಡಲಿಲ್ಲ. ಮೊದಲ ನಿಮಿಷ ಜನ ಸುಮ್ಮನಿದ್ದರು. ಎರಡನೆಯದರಲ್ಲಿ ಗುಸುಗುಸು. ಮೂರನೆಯದರಲ್ಲಿ ಯಾರೋ, “ಪಾಪ, ಮರೆತುಬಿಟ್ರು” ಎಂದರು. ಇನ್ಯಾರೋ, “ವಯಸ್ಸಾಯ್ತಲ್ಲ” ಎಂದರು. ನಾಲ್ಕನೆಯದರಲ್ಲಿ, ಅಂಗನವಾಡಿ ಮಗು ಪದ್ಯ ಮರೆತಾಗ ತಟ್ಟುವ ಹಾಗೆ, ಹಾಲ್ ತುಂಬ ಕರುಣೆಯ ಚಪ್ಪಾಳೆ. ನಾಲ್ಕು ನಿಮಿಷದ ಟೈಮರ್ ಬಡಿದುಕೊಂಡಿತು. ಅಧ್ಯಕ್ಷರು ಶಾಲು ಬಿಚ್ಚುತ್ತ ಓಡಿದರು. ಅಂಕಲ್ ಶಾಲಿನ ತುದಿಯನ್ನು ಬೆರಳಲ್ಲಿ ಉಜ್ಜಿ ನೋಡಿ, ಅವರ ಕೈಗೇ ವಾಪಸ್ ಕೊಟ್ಟು, ಇಳಿದು ಹೋದರು.

ಪಾರ್ಕಿಂಗ್ ಲಾಟಿನಲ್ಲಿ ಹಿಡಿದೆ. ಆಂಟಿ ಕಾರಿನೊಳಗೆ ಕೂತಿದ್ದರು. “ಅಂಕಲ್, ಸಾರಿ, ಸ್ವರಚಿತ ಅಂದ್ರೆ ಮಾತ್ರ ಸ್ಲಾಟ್ ಸಿಗ್ತಿತ್ತು, ನಾನು ಆಮೇಲೆ...” ಎಂದು ತೊದಲಿದೆ.

“ಮರ್ತಾನ ಅಂದ್ರು, ಅನ್ಲಿ. ಕದ್ದವನಾಗಾದಕಿಂತ ಮರ್ತವನಾಗಾದು ಚಲೋ.” ಬೀಗದ ಕೈ ಹುಡುಕುತ್ತ, ದನಿ ಏರಿಸದೆ ಹೇಳಿದರು. ಏರಿಸಿ ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. “ಆದ್ರ ನಾಲ್ಕು ನಿಮಿಷ ನಿಂತಿದ್ನಲ್ಲೋ. ನಿನ್ನ ಸಲುವಾಗಿ ನಿಂತಿದ್ದೆ. ನಾಲ್ಕು ನಿಮಿಷ ಟೈಮಿತ್ತು ನಿನಗ.”

ಆಮೇಲೆ ನಾನು ಅವರ ಮನೆಗೆ ಹೋಗಲಿಲ್ಲ. ಕಾರಣಗಳು ಬೇಕಾದಷ್ಟಿದ್ದವು. ಆಫೀಸಿನಲ್ಲಿ ಸಾಫ್ಟ್‌ವೇರ್ ರಿಲೀಸ್ ಇತ್ತು, ವೀಸಾ ಸ್ಟ್ಯಾಂಪಿಂಗ್ ಇತ್ತು, ಬೆನ್ನು ನೋವಿತ್ತು. ಭಾನುವಾರ ಅವರ ಬೀದಿ ತಪ್ಪಿಸಲು ಎರಡು ಮೈಲಿ ಸುತ್ತು ಹಾಕಿ ಇಂಡಿಯನ್ ಸ್ಟೋರಿಗೆ ಹೋಗುತ್ತಿದ್ದೆ. ಜನ ಸಿಕ್ಕಿದಾಗ, “ನಿಮ್ಮ ಅಂಕಲ್ ಅವತ್ತು ಹಾಡು ಮರೆತ್ರಲ್ಲ, ಈಗ ಹೇಗಿದ್ದಾರೆ? ನೆನಪಿನ ಶಕ್ತಿ ಟೆಸ್ಟ್ ಮಾಡಿಸಿದ್ರಾ?” ಎಂದು ಕೇಳುತ್ತಿದ್ದರು. ಹನ್ನೊಂದು ನುಡಿಯಲ್ಲಿ ಒಂದಕ್ಷರ ಬಿಡದ ಮನುಷ್ಯನಿಗೆ ನೆನಪಿನ ಟೆಸ್ಟ್! ಸಿಟ್ಟು ಬರುತ್ತಿತ್ತು. “ಚೆನ್ನಾಗಿದ್ದಾರೆ” ಎಂದು ನಕ್ಕು ಮುಂದೆ ಹೋಗುತ್ತಿದ್ದೆ. ಸಿಟ್ಟು ಬಂದೂ ನಗುವವನಿಗೆ ಯಾವ ಡಾಕ್ಟರ್ ಎಂದು ಅಂಕಲ್ ಹೇಳಿಕೊಟ್ಟಿರಲಿಲ್ಲ.

ಮುಂದಿನ ವಸಂತದಲ್ಲಿ, ಊರಿಗೆಲ್ಲ ಹಳದಿ ಪರಾಗ ಬಿದ್ದ ವಾರ, ವಾಟ್ಸಾಪ್ ಗ್ರೂಪಿನಲ್ಲಿ ಮೆಸೇಜ್ ಬಂತು. ಅಂಕಲ್ ಡೆಕ್ಕಿನಲ್ಲಿ ಬಟ್ಟೆ ಹರವುವಾಗ ಕುಸಿದರು, ಆಸ್ಪತ್ರೆ ಮುಟ್ಟಲಿಲ್ಲ. ಕೆಳಗೆ ಸಾಲು ಸಾಲು ಕೈಮುಗಿದ ಚಿತ್ರಗಳು. ಅದರ ನಡುವೆ ಅಧ್ಯಕ್ಷರದು: ನಮ್ಮ ಸಂಘದ ಹಿರಿಯ ಕವಿ ಇನ್ನಿಲ್ಲ.

ಸಂತಾಪ ಸಭೆ ದೇವಸ್ಥಾನದ ಹಾಲಿನಲ್ಲಿ. ಸ್ಕ್ರೀನಿನ ಮೇಲೆ ಅಂಕಲ್ ಫೋಟೋ, ಆಗಸ್ಟಿನದೇ, ಮೈಕಿನ ಮುಂದೆ ಕೈ ಕಟ್ಟಿ ನಿಂತದ್ದು. ಅಧ್ಯಕ್ಷರು ಭಾವುಕರಾಗಿ ಹೇಳಿದರು: “ಆ ದಿನ ಅವರಿಗೆ ತಮ್ಮದೇ ಹಾಡು ಮರೆತುಹೋಯ್ತು. ಆದ್ರೆ ನಾವು ಅವರನ್ನ ಮರೆಯಲ್ಲ.” ಜನ ತಲೆಯಾಡಿಸಿದರು. ಮಾತು ಚೆನ್ನಾಗಿತ್ತು ನೋಡಿ, ಅದಕ್ಕೇ ನನ್ನ ಮೈ ಉರಿದು ಹೋಯಿತು. ಸತ್ತವನನ್ನೂ ಬಿಡಲಿಲ್ಲವಲ್ಲ! ಆದರೆ ಆ ಸುಳ್ಳು ಅಧ್ಯಕ್ಷರದಾಗಿರಲಿಲ್ಲ. ಅವರ ಕೈಗೆ ಅದನ್ನು ಕೊಟ್ಟವನು ನಾನು.

ಎದ್ದೆ. ಎದ್ದ ರಭಸಕ್ಕೆ ಮಡಚುವ ಕುರ್ಚಿ ಮಡಚಿಕೊಂಡು ಬಿತ್ತು. ಹಿಂದಿನವರು ನಕ್ಕರು, ನಾನು ಬಂದರೆ ತಮಾಷೆಯೇ ಎಂದು ಅವರಿಗೆ ಅಭ್ಯಾಸ.

“ಅಂಕಲ್ ಮರೀಲಿಲ್ಲ. ಆ ಹಾಡು ಅವರದ್ದಲ್ಲ. ಫಾರ್ಮಲ್ಲಿ ಸ್ವರಚಿತ ಅಂತ ಸುಳ್ಳು ಹಾಕಿದ್ದು ನಾನು. ಬರೆದವರ ಹೆಸರು ಹೇಳು ಅಂತ ಸ್ಟೇಜ್ ಮೇಲೆ ಕೇಳಿದ್ರು, ನಾನು ಹೇಳ್ಲಿಲ್ಲ. ಅದಕ್ಕೆ ಹಾಡ್ಲಿಲ್ಲ. ನಾನು ಬಾಯಿ ತೆರೆಯೋದನ್ನ ಅವರು ಕಾಯ್ತಾ ನಿಂತಿದ್ರು, ನೀವು ಚಪ್ಪಾಳೆ ಹೊಡೆದ್ರಿ.” ಮೈಕಿಲ್ಲದೆ ಹಿಂದಿನ ಗೋಡೆಗೆ ಕೇಳುವಷ್ಟು ಕಿರುಚಿದೆ: “ಬರೆದವರು ಮಗ್ಗದ ಓಬಳೇಶಪ್ಪ!”

ಅಧ್ಯಕ್ಷರು ನನ್ನ ಹತ್ತಿರ ಬಂದು ಮೆಲ್ಲಗೆ, “ಅವತ್ತೇ ಹೇಳಿದ್ರೆ ಸ್ಲೈಡ್ ಚೇಂಜ್ ಮಾಡಿಸ್ತಿದ್ದೆ ಕಣೋ. ಎರಡು ನಿಮಿಷದ ಕೆಲಸ” ಎಂದರು. ಅದು ನಿಜ. ಆ ನಿಜ ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಸಭೆ ಮುಗಿದ ಮೇಲೆ ಚಪ್ಪಲಿ ಬಿಡುವ ಜಾಗದಲ್ಲಿ ಆಂಟಿ ಸಿಕ್ಕರು. ತಪ್ಪಿಸಿಕೊಳ್ಳಲು ಎಡಗಾಲಿನ ಶೂ ಬಲಗಾಲಿಗೆ ಹಾಕಿಕೊಂಡು ಒದ್ದಾಡುತ್ತಿದ್ದೆ. ಅವರು ಬಂದು ನನ್ನ ಅಂಗಿಯ ತುದಿ ಹಿಡಿದು ಬೆರಳಲ್ಲಿ ಉಜ್ಜಿದರು. ಏನೂ ಹೇಳದೆ ಬಿಟ್ಟರು.

“ಹನ್ನೊಂದನೇ ನುಡಿ ನಿನಗ ಕಲಿಸಿದ್ರೇನು?”

“ಇಲ್ಲ ಆಂಟಿ. ಹತ್ತು ನೆಟ್ಟಗಾಗ್ಲಿ ಅಂದಿದ್ರು.”

“ಆಗಿನ ಕಾಲಕ್ಕ ನೇಕಾರ ನೇದ ಬಟ್ಟಿ ಮ್ಯಾಲೆ ಸಾವ್ಕಾರ ತನ್ನ ಮುದ್ರಿ ಒತ್ತಿ ಮಾರ್ತಿದ್ದ. ಕಡೀ ನುಡಿ ಅದರ ಮ್ಯಾಲೈತಿ. ಬಿಳೀ ದೊರಿ ಹೋಗ್ತಾನ, ಆಮ್ಯಾಲೆ ನಮ್ಮವನಾದ ನೀನು ನನ್ನ ಬಟ್ಟಿಗೆ ನಿನ್ನ ಮುದ್ರಿ ಒತ್ತಬ್ಯಾಡ ತಮ್ಮಾ, ಅಂತ.” ಆಂಟಿ ಚಪ್ಪಲಿ ಮೆಟ್ಟಿಕೊಂಡರು. “ಹೆಸರು ಹೇಳಿದಿ, ಆತು. ಹಾಡು ಯಾರು ಹಾಡ್ಬೇಕು? ಅವರಿಲ್ಲ, ನನಗ ಉಸುರು ಸಾಲಾದಿಲ್ಲ.”

ನಾನು ನೆಲ ನೋಡಿದೆ. ಆಂಟಿ ನನ್ನ ಗದ್ದ ಹಿಡಿದು ಮುಖ ಮೇಲೆತ್ತಿದರು.

“ಭಾನುವಾರ ಬಾ. ಕಲಿಸ್ತೀನಿ. ಆಗಸ್ಟಿಗೆ ನೀನ ಹಾಡು. ಫಾರ್ಮ್ ಮಾತ್ರ ನಾನ ತುಂಬ್ತೀನಿ.”